ಕರಾವಳಿಯ ಮಿಲಿಟರಿ ಲಾರಿ: ಗುರುತು ಹಿಡಿಯೋದು ಯಾಕಿಷ್ಟು ಕಷ್ಟ?

ಬೆಳ್ತಂಗಡಿ, ಸುಳ್ಯ, ಕಾರ್ಕಳದ ಕಡೆ ಹಳೇ ಮರದ ಮಿಲ್ಲಿನ ಹಿತ್ತಲಲ್ಲಿ ಚಪ್ಪಟೆ ಮೂತಿಯ ಲಾರಿಯೊಂದು ತುಕ್ಕು ಹಿಡಿದು ನಿಂತಿದೆ ಅಂದರೆ ಸಾಕು, ಅದರ ಫೋಟೊ ಮಂಗಳೂರು, ಉಡುಪಿಯ ಹಳೇ ಗಾಡಿ ಪ್ರಿಯರ ಫೋನುಗಳಲ್ಲಿ ಸುತ್ತತೊಡಗುತ್ತದೆ. ‘ಎರಡನೇ ಮಹಾಯುದ್ಧದ್ದು’ ಅಂತ ಒಬ್ಬರು, ‘ಅಲ್ಲ ಮಾರಾಯ್ರೇ, ಆಮೇಲೆ ಇಲ್ಲೇ ತಯಾರಾದ ಶಕ್ತಿಮಾನ್ ಲಾರಿ’ ಅಂತ ಇನ್ನೊಬ್ಬರು. ಆಮೇಲೆ ರಿಪೇರಿಯ ಮಾತು. ಯಾವ ಎಂಜಿನ್ ಕೂರಿಸಬೇಕು? ಯಾವ ಬಣ್ಣ ಹೊಡೆಯಬೇಕು? ರಸ್ತೆಗೆ ಇಳಿಸಲು ಕಾಗದಪತ್ರ ಎಲ್ಲಿಂದ? ಈ ಪ್ರಶ್ನೆಗಳು ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಬಿಡಿಸಬೇಕಾದರೆ ಗಾಡಿ ಇಲ್ಲಿಗೆ ಹೇಗೆ ಬಂತು ಅನ್ನುವುದರಿಂದಲೇ ಶುರು ಮಾಡಬೇಕು.

1940ರಲ್ಲಿ ಡನ್‌ಕರ್ಕ್‌ನಿಂದ ಹಿಂದೆ ಸರಿಯುವಾಗ ಬ್ರಿಟಿಷ್ ಸೈನ್ಯ ತನ್ನ ಸಾವಿರಾರು ವಾಹನಗಳನ್ನು ಫ್ರಾನ್ಸಿನಲ್ಲೇ ಬಿಟ್ಟು ಬಂತು. ಆ ಕೊರತೆ ತುಂಬಿದ್ದರಲ್ಲಿ ಕೆನಡಾದ ಪಾಲು ದೊಡ್ಡದು. ಅಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಂಪನಿಗಳು ಹೆಚ್ಚುಕಡಿಮೆ ಒಂದೇ ಮಾದರಿಯ ಸೈನಿಕ ಟ್ರಕ್ಕುಗಳನ್ನು ಕಟ್ಟಿದವು. ಯುದ್ಧ ಮುಗಿಯುವ ಹೊತ್ತಿಗೆ ಅವುಗಳ ಸಂಖ್ಯೆ 4 ಲಕ್ಷ ದಾಟಿತ್ತು. ಭಾರತಕ್ಕೆ ಬಂದವು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು ಮುಂಬಯಿ ಮುಂತಾದ ಕಡೆ ಜೋಡಣೆಯಾದವು. ಎಷ್ಟೋ ಗಾಡಿಗಳ ಹಿಂದಿನ ಬಾಡಿ ಇಲ್ಲೇ ತಯಾರಾಯಿತು. ಹಾಗಾಗಿ ಕೆನಡಾದ ಹಳೇ ಫೋಟೊ ಪಕ್ಕದಲ್ಲಿಟ್ಟು ‘ಬಾಡಿ ತಾಳೆಯಾಗುತ್ತಿಲ್ಲ, ಇದು ನಕಲಿ’ ಅನ್ನುವುದು ಅವಸರದ ಮಾತು.

ಯುದ್ಧ ಮುಗಿಯಿತು, ಸೈನ್ಯಕ್ಕೆ ಬೇಡವಾದ ಗಾಡಿಗಳು ಹರಾಜಿಗೆ ಬಂದವು, ‘ಡಿಸ್ಪೋಸಲ್ ಲಾರಿ’ಗಳಾಗಿ ಊರೂರು ಸೇರಿದವು.

ದಕ್ಷಿಣ ಕನ್ನಡಕ್ಕೆ ಮೋಟಾರು ಹೊಸದೇನಲ್ಲ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪನಿ ಶುರುವಾದದ್ದು 1914ರಲ್ಲಿ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಅಂಥ ಬರಗಾಲದ ನಂತರ ಗಟ್ಟಿಮುಟ್ಟಾದ ಲಾರಿ ಸಿಕ್ಕರೆ ಯಾರು ಬಿಡುತ್ತಾರೆ? ಈ ಡಿಸ್ಪೋಸಲ್ ಲಾರಿಗಳು ಮೊದಮೊದಲು ಎಲ್ಲ ಸಾಮಾನನ್ನೂ ಹೊತ್ತವು. 1954ರಿಂದ ಟಾಟಾ-ಬೆಂಜ್ ಲಾರಿ ಬಂದ ಮೇಲೆ ಊರ ರಸ್ತೆಗೆ ಅವು ಬೇಡವಾದವು. ಆದರೆ ನಾಲ್ಕೂ ಚಕ್ರಕ್ಕೆ ಎಳೆತ ಇದ್ದ ಮಿಲಿಟರಿ ಗಾಡಿಗೆ ಕಾಡಿನಲ್ಲಿ ಸಾಟಿ ಇರಲಿಲ್ಲ.

ಈ ಕಾಡಿನ ಕಾಲವೇ ಮುಖ್ಯ. ಆದರೆ ಅದರ ಬಗ್ಗೆ ಬರೆದಿಟ್ಟದ್ದು ತೀರಾ ಕಮ್ಮಿ. ಹಂಚಿನ ಕಾರ್ಖಾನೆಗಳ ಭಟ್ಟಿಗೆ ಸೌದೆ ಬೇಕಿತ್ತು, ಮಿಲ್ಲುಗಳಿಗೆ ದಿಮ್ಮಿ ಬೇಕಿತ್ತು. ಘಟ್ಟದ ಬುಡದಲ್ಲಿ ಜಾರುವ ಕೆಂಪು ಮಣ್ಣಿನ ಏರಿನಲ್ಲಿ ಬೇರೆ ಲಾರಿ ಹೂತು ನಿಲ್ಲುವಾಗ ಇದು ಹತ್ತಿ ಬರುತ್ತಿತ್ತು. ಆ ಕೆಲಸಕ್ಕೆ ತಕ್ಕ ಹಾಗೆ ಗಾಡಿಯೂ ಬದಲಾಯಿತು. ಪೆಟ್ರೋಲ್ ಕುಡಿಯುವ ಎಂಜಿನ್ ಇಳಿಸಿ ಪರ್ಕಿನ್ಸ್ ಕಂಪನಿಯ ಪಿ6 ಡೀಸೆಲ್ ಎಂಜಿನ್ ಕೂರಿಸಿದರು. 1950ರ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿ ಅದನ್ನು ತಯಾರಿಸತೊಡಗಿದ ಮೇಲೆ ಬಿಡಿಭಾಗಕ್ಕೂ ತೊಂದರೆ ಇರಲಿಲ್ಲ. ಆರು ವೋಲ್ಟಿನ ವಯರಿಂಗ್ ಕಿತ್ತು ಹನ್ನೆರಡು ವೋಲ್ಟ್ ಮಾಡಿದರು. ಡ್ರೈವರ್ ಕೂರುವ ಕ್ಯಾಬಿನ ತಗಡು ಕರಗಿದಾಗ ಬಡಗಿ ಬಂದು ಮರದ ಕ್ಯಾಬ್ ಕಟ್ಟಿದ. ದಿಮ್ಮಿಯ ಭಾರಕ್ಕೆ ಸ್ಪ್ರಿಂಗಿಗೆ ಪ್ಲೇಟು ಜಾಸ್ತಿ ಸೇರಿತು, ಚಾಸಿ (ಗಾಡಿಯ ಅಡಿ ಚೌಕಟ್ಟು) ಉದ್ದವಾಯಿತು. ನಕ್ಷೆ ಇಲ್ಲ, ಕೈಪಿಡಿ ಇಲ್ಲ. ಕಣ್ಣಳತೆಯಲ್ಲೇ ಇಷ್ಟು ಮಾಡಿದ ಗ್ಯಾರೇಜಿನ ಮೇಸ್ತ್ರಿಗಳ ಹೆಸರು ಎಲ್ಲೂ ಇಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕಾಡಿನ ಕೆಲಸ ಇಳಿಯಿತು. ಲಾರಿಗಳು ನಿಂತಲ್ಲೇ ನಿಂತವು, ಇಲ್ಲವೇ ಗುಜರಿಗೆ ಹೋದವು.

ಈಗ ಗುರುತಿನ ವಿಷಯ. ಹಸಿರು ಬಣ್ಣದ್ದೆಲ್ಲ ಯುದ್ಧದ್ದಲ್ಲ. ಉದ್ದ ಬಾನೆಟ್ಟಿನ ಶಕ್ತಿಮಾನ್, ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರ ಹೊತ್ತಿಗೆ ಜಬಲ್‌ಪುರದಲ್ಲಿ ತಯಾರಾಗತೊಡಗಿದ್ದು. ಸೈನ್ಯದ ಜೀಪಿನಂಥ ಗಾಡಿ ಜೋಂಗಾ ಅದಕ್ಕಿಂತಲೂ ಈಚಿನದು. ಕೆನಡಾದ ಟ್ರಕ್ಕಿನಲ್ಲಿ ಸ್ಟೀರಿಂಗ್ ಬಲಕ್ಕೆ, ಮೂತಿ ಮೊಂಡು. 1941ರ ಕೊನೆಗೆ ಬಂದ 13ನೇ ನಂಬರಿನ ಮಾದರಿಯ ಕ್ಯಾಬ್ ಆದರೆ ಎದುರಿನ ಗಾಜು ಮೇಲ್ಗಡೆ ಹೊರಕ್ಕೆ, ಕೆಳಗಡೆ ಒಳಕ್ಕೆ ವಾಲಿರುತ್ತದೆ. ಬಿಸಿಲು ಹೊಡೆದಾಗ ಗಾಜು ಆಕಾಶಕ್ಕೆ ಮಿನುಗಿ ವಿಮಾನದವರ ಕಣ್ಣಿಗೆ ಬೀಳಬಾರದು ಅಂತ ಹಾಗೆ ಮಾಡಿದ್ದು.

ಕ್ಯಾಬೇ ಇಲ್ಲ ಅಂತಾದರೆ ಟೇಪ್ ಹಿಡಿಯಬೇಕು. ಮುಂದಿನ ಆಕ್ಸಲಿನಿಂದ ಹಿಂದಿನದಕ್ಕೆ 101 ಇಂಚು ಬಂದರೆ 15 ಹಂಡ್ರೆಡ್‌ವೇಟಿನ (ಸುಮಾರು ಮುಕ್ಕಾಲು ಟನ್ ಹೊರುವ) ಸಣ್ಣ ಗಾಡಿ, 158 ಬಂದರೆ ಮೂರು ಟನ್ನಿನ ಉದ್ದದ ಗಾಡಿ, ನಡುವಿನದು 134. ಲೆಕ್ಕ ತಪ್ಪಿದರೆ ಚಾಸಿಯಲ್ಲಿ ವೆಲ್ಡಿಂಗ್ ಗೆರೆ ಹುಡುಕಿ. ಫೋರ್ಡೋ ಜನರಲ್ ಮೋಟರ್ಸಿನ ಷೆವರ್ಲೆಯೋ ಅನ್ನುವುದಕ್ಕೆ ಎಂಜಿನ್ನೇ ಸಾಕ್ಷಿ: ಫೋರ್ಡಿನದು ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್), ಷೆವರ್ಲೆಯದು ಸಾಲಾಗಿ ಆರು ಸಿಲಿಂಡರ್. ಎಂಜಿನ್ ಹೋಗಿದ್ದರೂ ಹಳೇ ರೇಡಿಯೇಟರ್ ಉಳಿದಿದ್ದರೆ ಅದರ ತಲೆ ನೋಡಿ. ಮೇಲೆ ಎರಡು ಹೋಸಿನ ಬಾಯಿ ಇದ್ದರೆ ಫೋರ್ಡ್. ಚಾಸಿಯ ಬೋಲ್ಟುಗಳ ತುಕ್ಕು ಉಜ್ಜಿದಾಗ ತಲೆಯ ಮೇಲೆ ಫೋರ್ಡಿನ ‘ಎಫ್’ ಅಕ್ಷರ ಕಂಡರೆ ಗುರುತು ಇನ್ನಷ್ಟು ಗಟ್ಟಿ.

ಚಕ್ರಕ್ಕೆ ಕೈ ಹಾಕುವ ಮುಂಚೆ ಒಂದು ಎಚ್ಚರಿಕೆ. ಇವುಗಳ ರಿಮ್ ಎರಡು ಹೋಳಿನದು. ಗಾಡಿಗೆ ಚಕ್ರ ಕೂರಿಸುವ ನಟ್ಟುಗಳ ಸಾಲು ಬೇರೆ, ಎರಡು ಹೋಳನ್ನು ಹಿಡಿದಿಡುವ ನಟ್ಟುಗಳ ಸಾಲು ಬೇರೆ. ಗಾಳಿ ಇಳಿಸದೆ ಎರಡನೆಯದನ್ನು ಬಿಚ್ಚಿದರೆ ಹೋಳು ಸಿಡಿದು ಪ್ರಾಣವೇ ಹೋಗಬಹುದು. ಹೊಸ ಹುಡುಗರಿಗೆ ಇದನ್ನು ಮೊದಲೇ ಹೇಳಿಕೊಡಿ.

ರಿಪೇರಿಯಲ್ಲಿ ಕಷ್ಟದ್ದು ಷೆವರ್ಲೆ ಎಂಜಿನ್. ಅದರ ಕನೆಕ್ಟಿಂಗ್ ರಾಡಿನ ಬೇರಿಂಗ್‌ಗಳು ಬಾಬಿಟ್ ಎಂಬ ಮೆದು ಲೋಹ ಕಾಯಿಸಿ ಎರಕ ಹೊಯ್ದವು. ಸುಮ್ನೆ ಅಂಗಡಿಯಿಂದ ತಂದು ಹಾಕಲು ಆಗುವುದಿಲ್ಲ. ಎರಕ ಹೊಯ್ದು, ಕೈಯಲ್ಲೇ ಕೆರೆದು ಕೂರಿಸಬಲ್ಲವರು ಈಗ ವಿರಳ. ಕಡಲ ಉಪ್ಪುಗಾಳಿಗೆ, ನಮ್ಮ ಮಳೆಗೆ ತಗಡು ಉಳಿಯುವುದಂತೂ ದೂರದ ಮಾತು.

ಕಾಗದದ ಗೋಜಲು ಬೇರೆ. 1956ರಲ್ಲಿ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಉಡುಪಿ ಬೇರೆಯಾಯಿತು. ಒಂದೇ ಗಾಡಿಯ ದಾಖಲೆ ಎಷ್ಟು ಕಪಾಟು ದಾಟಿರಬೇಕು, ಅಲ್ವಾ? ಆರ್‌ಸಿಯಲ್ಲಿ 1948 ಅಂತಿದ್ದರೆ ಅದು ಸೈನ್ಯದಿಂದ ಹೊರಬಂದು ಮೊದಲು ನೋಂದಣಿಯಾದ ವರ್ಷ ಇರಬಹುದು, ತಯಾರಾದ ವರ್ಷವೇ ಆಗಬೇಕೆಂದಿಲ್ಲ.

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸರಣಿಯ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಒಳ್ಳೆಯದೇ. ಆದರೆ ಅದು ದ್ವಿಚಕ್ರ ವಾಹನಕ್ಕೆ ಮತ್ತು ಕಾರು, ಜೀಪಿನಂಥ ಪ್ರಯಾಣಿಕ ವಾಹನಕ್ಕೆ ಮಾತ್ರ. ಸರಕಿನ ಲಾರಿ ಅದರೊಳಗೆ ಬರುವುದಿಲ್ಲ. ಜೊತೆಗೆ ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲೇ ಇರಬೇಕು ಅನ್ನುವ ಷರತ್ತು. ಕಾಡಿನಲ್ಲಿ ದುಡಿದ ನಮ್ಮ ಲಾರಿಗಳಿಗೆ ಇದು ದಾಟಲಾಗದ ಗೋಡೆ. ಡೀಸೆಲ್ ಎಂಜಿನ್ ಹಾಕದೇ ಇದ್ದಿದ್ದರೆ ಅವು ಇಷ್ಟು ವರ್ಷ ಉಳಿಯುತ್ತಲೇ ಇರಲಿಲ್ಲ.

ಹೀಗಾಗಿ ಸರಿಪಡಿಸಿದ ಲಾರಿಯನ್ನು ಪ್ರದರ್ಶನಕ್ಕೆ ಇನ್ನೊಂದು ಲಾರಿಯ ಮೇಲೆ ಹೇರಿಕೊಂಡು ಹೋಗಬೇಕಾದ ಸ್ಥಿತಿ. ಪರ್ಕಿನ್ಸ್ ಎಂಜಿನ್ ಕಿತ್ತು ಗುಜರಿಗೆ ಹಾಕಿ, ಮರದ ಕ್ಯಾಬ್ ಒಡೆದು, ಎಲ್ಲವನ್ನೂ 1942ಕ್ಕೆ ಒಯ್ಯುವ ಉತ್ಸಾಹವೂ ಹೆಚ್ಚುತ್ತಿದೆ. ಸೈನ್ಯದಲ್ಲಿ ಇದ್ದದ್ದು ನಾಲ್ಕೈದು ವರ್ಷ, ನಮ್ಮ ಘಟ್ಟದಲ್ಲಿ ದುಡಿದದ್ದು ಮೂವತ್ತು ವರ್ಷ. ಬಿಚ್ಚುವ ಮುಂಚೆ ಪ್ರತಿ ಭಾಗದ ಫೋಟೊ ತೆಗೆಯಿರಿ. ಬಣ್ಣದ ಪದರಗಳನ್ನು ನೀರು ಹಾಕಿ ಸಣ್ಣ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಯಾವುದರ ಕೆಳಗೆ ಯಾವುದಿದೆ ಅಂತ ಬರೆದಿಡಿ. ಇಳಿಸಿದ ಎಂಜಿನನ್ನು ಮಾರಬೇಡಿ. ಆ ಲಾರಿ ಓಡಿಸಿದವರು, ಕ್ಲೀನರ್ ಆಗಿದ್ದವರು ಇನ್ನೂ ಕೆಲವರು ಇದ್ದಾರೆ. ಮೊದಲು ಅವರ ಮನೆಗೆ ಹೋಗಿ ಮಾತಾಡಿಸಿ, ಸ್ಪ್ಯಾನರ್ ಆಮೇಲೆ ಹಿಡಿಯಬಹುದು.