ವೈಸ್‌ಗ್ರಿಪ್‌ನ ತಾಕತ್ತು ತೂಕದಲ್ಲಿಲ್ಲ

ವೈಸ್‌ಗ್ರಿಪ್, ಅಂದರೆ ಕಚ್ಚಿ ಲಾಕ್ ಆಗಿ ನಿಲ್ಲುವ ಇಕ್ಕಳ, ತಗೊಳ್ಳಲು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಎರಡು ಮಾತು ಕಿವಿಗೆ ಬೀಳುತ್ತವೆ. "ಕೈಲಿ ಹಿಡಿದು ನೋಡಿ ಸಾರ್, ಎಂಥ ತೂಕ!" ಮತ್ತು "ಇದು ಚೈನಾ ಮಾಲಲ್ಲ." ಎರಡರಿಂದಲೂ ಇಕ್ಕಳದ ಗುಣ ತಿಳಿಯುವುದಿಲ್ಲ. ಹೊಳಪಂತೂ ಬರೀ ಮೇಲಿನ ಲೇಪ.

ಇದರ ಜೀವವೆಲ್ಲ ಹಿಡಿಯೊಳಗಿನ ಸಣ್ಣ ಪಟ್ಟಿಯಲ್ಲಿದೆ. ಪಟ್ಟಿಯ ಒಂದು ತುದಿ ಮೇಲಿನ ಹಿಡಿಯ ಕೊನೆಯಲ್ಲಿರುವ ಸ್ಕ್ರೂಗೆ ಒರಗಿರುತ್ತದೆ. ಇನ್ನೊಂದು ತುದಿ ಕೆಳಗಿನ ಹಿಡಿಗೆ ರಿವೆಟ್ ಆಗಿರುತ್ತದೆ. ಆ ಹಿಡಿ ಮತ್ತೊಂದು ರಿವೆಟ್‌ನಲ್ಲಿ ಕೆಳದವಡೆಗೆ ಸೇರುತ್ತದೆ. ಹಿಡಿ ಅದುಮಿದಂತೆ ಈ ಮೂರು ಬಿಂದುಗಳು ಒಂದೇ ಗೆರೆಗೆ ಬರತೊಡಗುತ್ತವೆ. ಮಂಡಿ ಮಡಿಸಿಕೊಂಡು ಮೂಟೆ ಹೊರುವುದು ಕಷ್ಟ, ಕಾಲು ನೆಟ್ಟಗಾದರೆ ಸಲೀಸು, ಅಲ್ವಾ? ಇಲ್ಲೂ ಹಾಗೇ. ಗೆರೆ ಹತ್ತಿರವಾದಷ್ಟೂ ಕೈ ಜಾಸ್ತಿ ಸರಿಯುತ್ತದೆ, ದವಡೆ ಕೂದಲೆಳೆಯಷ್ಟೇ ಕದಲುತ್ತದೆ, ಬಲ ಮಾತ್ರ ಹಲವು ಪಟ್ಟಾಗುತ್ತದೆ. ನಡುವಿನ ಬಿಂದು ಗೆರೆಯನ್ನು ಚೂರು ದಾಟಿತೋ, ಟಕ್! ಆಮೇಲೆ ದವಡೆಯನ್ನು ಬಿಡಿಸಲು ಎಳೆದಷ್ಟೂ ಹಿಡಿ ಇನ್ನೂ ಮುಚ್ಚಿಕೊಳ್ಳಲು ನೋಡುತ್ತದೆ.

ಲಾಕ್ ಆದ ಮೇಲೆ ಕೈ ತೆಗೆದಿರುತ್ತೀರಿ. ಹಾಗಾದರೆ ಬೋಲ್ಟನ್ನು ಹಿಡಿದಿರುವುದು ಯಾವುದು? ಇಕ್ಕಳದ ಉಕ್ಕೇ ತುಸು ಬಾಗಿ, ಮೊದಲಿನಂತಾಗಲು ಹೆಣಗುತ್ತಿರುತ್ತದೆ. ಆ ಬಿಗಿಯೇ ಹಿಡಿತ. ಬಾಗಿರುವುದು ತೀರಾ ಸ್ವಲ್ಪ. ಮೆತ್ತನೆ ರಿವೆಟ್ ಒಂದಿಷ್ಟು ಜಗ್ಗಿದರೆ, ತೂತು ಒಂದಿಷ್ಟು ಅಗಲವಾದರೆ, ಹಲ್ಲು ಚಪ್ಪಟೆಯಾದರೆ, ಆ ಬಿಗಿ ಅಲ್ಲೇ ಖರ್ಚಾಗಿಬಿಡುತ್ತದೆ. ಸ್ಕ್ರೂ ತಿರುಗಿಸಿ ಮತ್ತೆ ಬಿಗಿ ಮಾಡಬಹುದು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ.

ಅಗ್ಗ ಮಾಡಲು ಹೊರಟವರು ಕೈ ಹಾಕುವುದೂ ಇಂಥ ಕಡೆಯೇ. ದವಡೆಯ ಉಕ್ಕನ್ನು 850 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಮತ್ತೆ ಕಡಿಮೆ ಶಾಖದಲ್ಲಿಟ್ಟು ಹದಕ್ಕೆ ತರಬೇಕು. ಹಳ್ಳಿಯ ಕುಲುಮೆಯಲ್ಲಿ ಉಳಿಯ ಬಾಯಿಗೆ ಏರುವ ಬಣ್ಣ ನೋಡಿಯೇ ಹದ ಹಿಡಿಯುತ್ತಾರೆ. ಕಾರ್ಖಾನೆಯಲ್ಲಿ ಇದಕ್ಕೆ ಹೊತ್ತು, ಕರೆಂಟು, ತಪಾಸಣೆ ಎಲ್ಲ ಬೇಕು. ಅದನ್ನು ಅರ್ಧಕ್ಕೆ ಬಿಟ್ಟರೂ ಪ್ಯಾಕೆಟ್ ಮೇಲೆ ಉಕ್ಕಿನ ಬಗೆ 'ಕ್ರೋಮ್ ವೆನೇಡಿಯಂ' ಎಂದು ಬರೆದದ್ದು ಸುಳ್ಳೇನಲ್ಲ. ಉಕ್ಕು ಅದೇ, ಹದ ಇಲ್ಲ.

ಈ ಇಕ್ಕಳ ಹುಟ್ಟಿದ್ದೂ ಕುಲುಮೆಯಲ್ಲೇ. ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ಬಂದ ಕಮ್ಮಾರ ವಿಲಿಯಂ ಪೀಟರ್ಸನ್, ನೆಬ್ರಾಸ್ಕಾದ ಡಿ ವಿಟ್ ಎಂಬ ಪುಟ್ಟ ಊರಿನಲ್ಲಿ ಇದನ್ನು ರೂಪಿಸಿದ. ಮೊದಲ ಪೇಟೆಂಟ್ 1921ರದು, ಲಾಕ್ ಸೇರಿದ್ದು 1924ರಲ್ಲಿ. 2008ರಲ್ಲಿ ಆ ಊರಿನ ಕಾರ್ಖಾನೆ ಮುಚ್ಚಿ ತಯಾರಿಕೆ ಚೀನಾಕ್ಕೆ ಹೋಯಿತು. ಮುಂದೆ ಮಾಲ್ಕೊ ಕಂಪನಿ ಅದೇ ಊರಲ್ಲಿ 'ಈಗಲ್ ಗ್ರಿಪ್' ಹೆಸರಿನ ಇಂಥದೇ ಇಕ್ಕಳ ತಯಾರಿಸಿತು. ಆಮದು ಮಾಲಿಗಿಂತ ಬೆಲೆ ಬಹಳ ಜಾಸ್ತಿ. 2022ರಲ್ಲಿ ಅದೂ ನಿಂತಿತು. ಇದಕ್ಕೆಲ್ಲ ಚೀನಾವನ್ನು ಬೈಯುವುದು ಸುಲಭ. ಅಲ್ಲಿನ ಕಾರ್ಖಾನೆಗಳಿಗೆ ಹದ ಮಾಡಲು ಬರುವುದಿಲ್ಲ ಅಂತಲ್ಲ, ಆರ್ಡರ್ ಕೊಡುವವರು ಎಷ್ಟು ದುಡ್ಡು ಕೊಡುತ್ತಾರೋ ಅಷ್ಟು ಹದ.

ಅಂಗಡಿಯಲ್ಲಿ ಗಟ್ಟಿ ಬೋಲ್ಟ್ ಒಂದನ್ನು ಕೇಳಿ. ತಲೆಯ ಮೇಲೆ 8.8 ಎಂದು ಗಟ್ಟಿತನದ ಗುರುತಿದ್ದರೆ ಸರಿ. ನಾಲ್ಕಾರು ಸಲ ಬಿಗಿಯಾಗಿ ಕಚ್ಚಿಸಿ, ಬಿಡಿಸಿ. ಹಲ್ಲಿನ ತುದಿಗಳು ಚಪ್ಪಟೆಯಾಗಿ ಮಿನುಗಿದರೆ ಬೇಡ. ಕೆಳದವಡೆಯನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡಿ, ಲೊಡಲೊಡ ಎಂದರೂ ಬೇಡ. ಅಂಗಡಿಯವರು ಮುಖ ಗಂಟಿಕ್ಕಿದರೆ ಇಕ್ಕಲಿ.