"ಕೈಲಾದಷ್ಟು ಮಾಡಿ" ಅಂದರೆ ಯಾಕೆ ಸಾಲದು? ಗುರಿ ನಿಗದಿ ಸಿದ್ಧಾಂತದ ಟಿಪ್ಪಣಿ

ಅಭಿಪ್ರೇರಣೆಯ (ಮೋಟಿವೇಶನ್) ಅಧ್ಯಾಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ ಹೆಸರು ಬಂದ ಕೂಡಲೇ ತುಂಬಾ ಜನ 'ಸ್ಮಾರ್ಟ್' (SMART, ಒಳ್ಳೆಯ ಗುರಿ ಹೇಗಿರಬೇಕು ಅನ್ನೋ ಐದು ಗುಣಗಳ ಮೊದಲಕ್ಷರ) ಗುರಿಯ ಐದು ಅಕ್ಷರ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಅದು ಲಾಕ್ ಹೇಳಿದ್ದಲ್ಲ, 1981ರಲ್ಲಿ ಜಾರ್ಜ್ ಡೋರಾನ್ ಬರೆದದ್ದು. ಲಾಕ್ ಅವರ ಮುಖ್ಯ ಲೇಖನ 1968ರದ್ದು. ತಿರುಳು ಇಷ್ಟು: "ಕೈಲಾದಷ್ಟು ಮಾಡಿ" ಅನ್ನೋದಕ್ಕಿಂತ, ಇಷ್ಟು ಆಗಬೇಕು ಅಂತ ಖಚಿತವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟರೆ ಕೆಲಸ ಜಾಸ್ತಿ ಆಗುತ್ತದೆ. ಆದರೆ ಕೆಲಸ ಮಾಡುವವರು ಆ ಗುರಿಯನ್ನು ಒಪ್ಪಿರಬೇಕು.

ನಾನು ಹಿಂದೆ ಕೆಲಸಕ್ಕಿದ್ದ ಕಡೆ ಪ್ರತಿ ಸೋಮವಾರ "ಈ ವಾರ ಚೆನ್ನಾಗಿ ಮಾಡೋಣ" ಅನ್ನುತ್ತಿದ್ದರು. ಚೆನ್ನಾಗಿ ಅಂದರೆ ಎಷ್ಟು ಅಂತ ಶನಿವಾರ ಬೈಸಿಕೊಂಡ ಮೇಲೇ ಗೊತ್ತಾಗುತ್ತಿತ್ತು. ಅದಕ್ಕೇ ಈ ಪಾಠ ನನಗೆ ಮನಸ್ಸಿಗೆ ಹತ್ತಿತು.

ಈಗ ಈ ಸಿದ್ಧಾಂತವನ್ನು ನಿಜವಾದ ಕೆಲಸದಲ್ಲಿ ಪರೀಕ್ಷೆ ಮಾಡಿದ ಲಾರಿಗಳ ಕಥೆ. ನಿಧಾನವಾಗಿ ಓದಿ. ಗ್ಯಾರಿ ಲೇಥಮ್ ಮತ್ತು ಜೇಮ್ಸ್ ಬಾಲ್ಡೀಸ್ ಅನ್ನೋ ಸಂಶೋಧಕರು 1975ರಲ್ಲಿ ಇದನ್ನು ಪ್ರಕಟಿಸಿದರು. ಜಾಗ ಅಮೆರಿಕದ ಒಕ್ಲಹೋಮಾ. ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಒಂದು ಕಂಪನಿಯ ಲಾರಿಗಳು ಕಾನೂನು ಒಪ್ಪುವ ತೂಕದ ಸುಮಾರು ಶೇ. 60ರಷ್ಟನ್ನು ಮಾತ್ರ ಹೊರುತ್ತಿದ್ದವು. ಚಾಲಕರು ಸೋಮಾರಿಗಳಲ್ಲ. ದಿಮ್ಮಿಗಳು ಒಂದೇ ಗಾತ್ರದವಲ್ಲ, ಎಣಿಸಿ ತೂಕ ಹೇಳೋಕಾಗಲ್ಲ. ಮಿತಿ ಮೀರಿದರೆ ದಂಡ ಬೇರೆ. ಹಾಗಾಗಿ ಕಡಿಮೆ ತುಂಬೋದೇ ಕ್ಷೇಮ ಅನ್ನಿಸುತ್ತಿತ್ತು, ಅಲ್ವಾ?

ಅವರಿಗೆ ಶೇ. 94ರ ಗುರಿ ಕೊಟ್ಟರು. ಬೋನಸ್ ಇಲ್ಲ. ಮುಟ್ಟದಿದ್ದರೆ ಶಿಕ್ಷೆಯೂ ಇಲ್ಲ ಅಂತ ಮಾತು ಕೊಟ್ಟರು. ಮೊದಲ ತಿಂಗಳು ತೂಕ ಶೇ. 80ಕ್ಕೆ ಏರಿತು. ಎರಡನೇ ತಿಂಗಳು 70ಕ್ಕೆ ಇಳಿಯಿತು! ಯಾಕೆ ಅಂತ ವಿಚಾರಿಸಿದರೆ, ಮೇಲಿನವರು ನಿಜವಾಗಲೂ ಮಾತು ಉಳಿಸಿಕೊಳ್ಳುತ್ತಾರಾ ಅಂತ ಚಾಲಕರು ಪರೀಕ್ಷೆ ಮಾಡುತ್ತಿದ್ದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಮೂರನೇ ತಿಂಗಳಿಂದ 90 ದಾಟಿತು, ಅಲ್ಲೇ ನಿಂತಿತು. ಒಂಬತ್ತು ತಿಂಗಳಲ್ಲಿ ಕಂಪನಿಗೆ ಎರಡೂವರೆ ಲಕ್ಷ ಡಾಲರ್ ಉಳಿಯಿತು. ನನಗೆ ತುಂಬಾ ಇಷ್ಟವಾದದ್ದು ಬೇರೆ: ತೂಕವನ್ನು ಕಣ್ಣಳತೆಯಲ್ಲೇ ಸರಿಯಾಗಿ ಅಂದಾಜು ಮಾಡೋಕೆ ಲಾರಿಯ ಮುಂಭಾಗದ ಕಂಬಗಳನ್ನು ಎತ್ತರಿಸಿ ಅಂತ ಚಾಲಕರೇ ಸಲಹೆ ಕೊಟ್ಟರು. ಗುರಿ ಅವರದ್ದಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಲಾಕ್ ಮತ್ತು ಲೇಥಮ್ ಇನ್ನೂ ಕೆಲವು ಷರತ್ತು ಸೇರಿಸುತ್ತಾರೆ. ಎಷ್ಟು ಆಯಿತು ಅಂತ ಆಗಾಗ ತಿಳಿಯಬೇಕು. ಕೆಲಸ ಮಾಡುವ ಸಾಮರ್ಥ್ಯ ಇರಬೇಕು. ಕೆಲಸ ಹೊಸದು, ಗೋಜಲಿನದ್ದು ಆಗಿದ್ದರೆ ಮೊದಲು ಕಲಿಯೋಕೆ ಸಮಯ ಬೇಕು.

ಲಾರಿ ಕಥೆಗೆ ತದ್ವಿರುದ್ಧ ಉದಾಹರಣೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್. ಅಲ್ಲೂ ಗುರಿ ಸ್ಪಷ್ಟ: ಒಬ್ಬ ಗ್ರಾಹಕನಿಗೆ ಖಾತೆ, ಕಾರ್ಡ್ ಥರದ ಎಂಟು ಉತ್ಪನ್ನ ಮಾರಬೇಕು. ಮುಟ್ಟದಿದ್ದರೆ ಕೆಲಸಕ್ಕೇ ಕುತ್ತು ಅನ್ನೋ ಒತ್ತಡ. ಸಿಬ್ಬಂದಿ ಗ್ರಾಹಕರನ್ನು ಕೇಳದೆಯೇ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಸಿಬ್ಬಂದಿ ಕೆಲಸ ಕಳೆದುಕೊಂಡಿದ್ದರು.

ಹತ್ತು ಅಂಕದ ಪ್ರಶ್ನೆ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಲಾರಿ ಕಥೆಯಲ್ಲಿ ಎರಡನೇ ತಿಂಗಳ 70 ಅನ್ನು ಮಾತ್ರ ಬಿಡಬೇಡಿ. ಸುಮಾರು ಜನ 60ರಿಂದ 90ಕ್ಕೆ ನೇರವಾಗಿ ಗೆರೆ ಎಳೆದುಬಿಡುತ್ತಾರೆ.