ಸಿಮ್ ಇಲ್ಲದ ಟ್ಯಾಬ್‌ನಲ್ಲಿ ಜಿಪಿಎಕ್ಸ್ ಫೈಲ್ ನಡೆಯುತ್ತಾ?

ಪ್ರಶ್ನೆ: ಕಳಸ, ಕುದುರೆಮುಖ ಕಡೆ ಬೈಕ್ ರೈಡ್ ಹೊರಟಿದ್ದೇವೆ. ಲೀಡ್ ರೈಡರ್ ವಾಟ್ಸಾಪ್‌ನಲ್ಲಿ ನಾವು ಹೋಗುವ ದಾರಿಯ ಜಿಪಿಎಕ್ಸ್ ಫೈಲ್ ಕಳಿಸಿದ್ದಾರೆ. ಅದನ್ನು ಟ್ಯಾಬ್‌ಗೆ ಹಾಕೋದು ಹೇಗೆ? ಟ್ಯಾಬ್‌ನಲ್ಲಿ ಸಿಮ್ ಇಲ್ಲ, ಹಾಗಾಗಿ ಜಿಪಿಎಸ್ ಹೇಗೂ ಕೆಲಸ ಮಾಡಲ್ಲ ಅಲ್ವಾ?

ಮಳೆಗಾಲ ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಪ್ರತಿ ಸಲವೂ ಕೊನೆಯಲ್ಲಿ ಆ ‘ಅಲ್ವಾ’ ಇದ್ದೇ ಇರುತ್ತದೆ. ಅಲ್ಲ, ಸ್ವಾಮಿ. ಅಲ್ಲ.

ಮೊದಲು ಫೈಲ್ ವಿಷಯ ಮುಗಿಸಿಬಿಡೋಣ, ಅದು ಸುಲಭದ್ದು. ಫೋನ್, ಟ್ಯಾಬ್ ಎರಡೂ ಆಂಡ್ರಾಯ್ಡ್ ಆದರೆ ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ಒತ್ತಿ ಹಿಡಿದು, ಶೇರ್ ಕೊಟ್ಟು, ಕ್ವಿಕ್ ಶೇರ್‌ನಲ್ಲಿ ಟ್ಯಾಬ್‌ಗೆ ಕಳಿಸಿ. ಐಫೋನ್‌ನಿಂದ ಐಪ್ಯಾಡ್‌ಗಾದರೆ ಏರ್‌ಡ್ರಾಪ್. ಒಂದು ಅದು, ಇನ್ನೊಂದು ಇದು ಅಂತಾದರೆ ನಿಮಗೆ ನೀವೇ ಮೇಲ್ ಮಾಡಿಕೊಂಡು ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಆಮೇಲೆ ಫೈಲ್ ಮೇಲೆ ಒತ್ತಿ, ಯಾವ ಆ್ಯಪ್‌ನಲ್ಲಿ ತೆರೆಯಲಿ ಎಂದು ಕೇಳಿದಾಗ ಓಸ್ಮಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಆರಿಸಿ (ಎರಡೂ ನೆಟ್ ಇಲ್ಲದೆಯೂ ನಕ್ಷೆ ತೋರಿಸುವ ಆ್ಯಪ್‌ಗಳು, ಮೊದಲೇ ಹಾಕಿಕೊಂಡಿರಿ). ಗೂಗಲ್ ಮ್ಯಾಪ್ಸ್ ಆ್ಯಪ್ ಜಿಪಿಎಕ್ಸ್ ತೆರೆಯುವುದಿಲ್ಲ, ಸುಮ್ನೆ ಅದರ ಜೊತೆ ಗುದ್ದಾಡಬೇಡಿ. ಫೈಲ್ ತೆರೆಯದೆ ಹಟ ಮಾಡಿದರೆ ಹೆಸರಿನ ಬಾಲ ನೋಡಿ. ‘.ಜಿಪಿಎಕ್ಸ್’ ಆದ ಮೇಲೆ ‘.ಎಕ್ಸ್‌ಎಂಎಲ್’ ಅಂತ ಒಂದು ತುಂಡು ಅಂಟಿಕೊಂಡಿದ್ದರೆ ಅಳಿಸಿ. ಫೈಲಿನೊಳಗೆ ಇರುವುದು ಬರೀ ಅಂಕಿಗಳ ಸಾಲು. ಅಕ್ಷಾಂಶ 13.23, ರೇಖಾಂಶ 75.36 ಅಂತಿದ್ದರೆ ಅದು ಕಳಸ. ನಕ್ಷೆ ಅದರಲ್ಲಿ ಇರುವುದಿಲ್ಲ. ಕರ್ನಾಟಕದ ನಕ್ಷೆಯನ್ನು ಆ್ಯಪ್ ಒಳಗೆ ಬೇರೆಯಾಗಿ, ಮನೆಯಲ್ಲಿದ್ದಾಗಲೇ ಇಳಿಸಿಕೊಳ್ಳಬೇಕು.

ಈಗ ಆ ‘ಅಲ್ವಾ’ಗೆ ಬರೋಣ.

ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಸಿಮ್ ಬೇಡ. ಟವರ್ ಬೇಡ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ ಜಿಪಿಎಸ್ ಇದೆ. ಅಲ್ಲಿ ನೀರಿನ ಮೇಲೆ ಟವರ್ ನೆಟ್ಟವರು ಯಾರು? ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ‘ನಾನು ಇಂಥವನು, ಈಗ ಗಂಟೆ ಇಷ್ಟು’ ಎಂದು ಸಾರುತ್ತಲೇ ಇರುತ್ತವೆ. ನಿಮ್ಮ ಟ್ಯಾಬ್ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ರೇಡಿಯೊ ಹಾಕಿಕೊಂಡು ಪ್ರದೇಶ ಸಮಾಚಾರ ಕೇಳಿದ ಹಾಗೆ. ಯಾರು ಕೇಳುತ್ತಿದ್ದಾರೆಂದು ಆಕಾಶವಾಣಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಾಲ್ಕು ಉಪಗ್ರಹಗಳ ಮಾತು ಸ್ಪಷ್ಟವಾಗಿ ಕಿವಿಗೆ ಬಿದ್ದರೆ, ಒಂದೊಂದರ ಸಿಗ್ನಲ್ ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ಟ್ಯಾಬ್ ತಾನೆಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ನಾಲ್ಕನೆಯದು ಯಾಕೆಂದರೆ ಟ್ಯಾಬ್‌ನ ಗಡಿಯಾರ ಉಪಗ್ರಹದ್ದರಷ್ಟು ನಿಖರ ಅಲ್ಲ, ಆ ತಪ್ಪನ್ನೂ ಕಳೆಯಬೇಕು.

ಹಾಗಾದರೆ ನೆಟ್ ಹೋದ ಕೂಡಲೇ ಜಿಪಿಎಸ್ ಸತ್ತ ಹಾಗೆ ಯಾಕೆ ಕಾಣುತ್ತದೆ? ಕುದುರೆಮುಖ ದಾರಿಯಲ್ಲಿ ನೆಟ್ ಸಿಗದ ಎಸ್.ಕೆ. ಬಾರ್ಡರ್ ಹತ್ತಿರ ಗೂಗಲ್ ಮ್ಯಾಪ್ಸ್ ತೆರೆದವರನ್ನು ಕೇಳಿ. ಬೂದು ಬಣ್ಣದ ಖಾಲಿ ಪರದೆ, ನಡುವೆ ಒಂದು ನೀಲಿ ಚುಕ್ಕಿ. ಜಿಪಿಎಸ್ ಹೋಯಿತು ಎಂದು ಬೈದುಕೊಳ್ಳುತ್ತಾರೆ. ಅಯ್ಯೋ, ಆ ನೀಲಿ ಚುಕ್ಕಿಯೇ ಜಿಪಿಎಸ್! ಅದು ಸರಿಯಾದ ಜಾಗದಲ್ಲೇ ಕೂತಿದೆ. ಬಾರದೆ ಹೋದದ್ದು ನಕ್ಷೆಯ ಚಿತ್ರ.

ಇನ್ನೊಂದು ಕಾರಣವೂ ಇದೆ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಕಳಿಸುತ್ತದೆ. ಬೇಕಾದಷ್ಟು ಕೇಳಿಸಿಕೊಳ್ಳಲು ಅರ್ಧ ನಿಮಿಷವಾದರೂ ಬೇಕು, ನಡುವೆ ಮರ ಅಡ್ಡ ಬಂದರೆ ಮತ್ತೆ ಮೊದಲಿಂದ. ಫೋನ್ ಈ ವಿವರವನ್ನು ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಆ ವೇಗಕ್ಕೆ ಒಗ್ಗಿದವರು ಸಿಮ್ ಇಲ್ಲದ ಟ್ಯಾಬನ್ನು ಮನೆಯ ಹಾಲ್‌ನಲ್ಲಿ ಕೂತು ಹತ್ತು ಸೆಕೆಂಡ್ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ತಾರಸಿಗೆ ಹೋಗಿ. ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆನ್ ಮಾಡಿ, ಎರಡು ಮೂರು ನಿಮಿಷ ಒಂದೇ ಕಡೆ ನಿಲ್ಲಿ. ಚುಕ್ಕಿ ನಿಮ್ಮ ಬೀದಿಗೆ ಬಂದು ಕೂತರೆ ಘಾಟಿಯಲ್ಲೂ ಕೂರುತ್ತದೆ. ರೈಡ್ ದಿನವೂ ಹೀಗೇ ಮಾಡಿ, ಬಯಲಲ್ಲಿ ಚುಕ್ಕಿ ಸಿಕ್ಕಿದ ಮೇಲೆ ಕಾಡಿನೊಳಗೆ ಹೋಗಿ.

ತಾರಸಿಯಲ್ಲೂ ಸಿಗಲಿಲ್ಲವೇ? ಆಗ ಟ್ಯಾಬ್‌ನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲದಿರಬಹುದು. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಇಲ್ಲ, ಅವು ಸುತ್ತಲಿನ ವೈಫೈ ನೋಡಿ ಜಾಗ ಅಂದಾಜು ಮಾಡುತ್ತವೆ. ಕುದುರೆಮುಖದ ಕಾಡಿನಲ್ಲಿ ಯಾವ ವೈಫೈ? ಸಿಮ್ ಹಾಕುವ ಐಪ್ಯಾಡ್‌ನಲ್ಲಿ ಚಿಪ್ ಇದೆ. ಬಹುಶಃ ಇಲ್ಲಿಂದಲೇ ‘ಸಿಮ್ ಬೇಕು’ ಎಂಬ ಮಾತು ಹುಟ್ಟಿ ಊರೆಲ್ಲ ಹಬ್ಬಿರಬೇಕು. ಆ ಮಾದರಿಯಲ್ಲೂ ಸಿಮ್ ಜಾಗ ಖಾಲಿ ಇದ್ದರೆ ಏನೂ ತೊಂದರೆ ಇಲ್ಲ. ಆಂಡ್ರಾಯ್ಡ್‌ನಲ್ಲಿ ವೈಫೈ ಟ್ಯಾಬ್‌ಗಳಿಗೂ ಚಿಪ್ ಇರುವುದುಂಟು, ಕೊಳ್ಳುವ ಮುಂಚೆ ವಿವರದ ಪಟ್ಟಿ ಓದಿ.

ಫೈಲ್ ಬಗ್ಗೆ ಒಂದೇ ಎಚ್ಚರಿಕೆ. ಲೀಡ್ ರೈಡರ್ ಹತ್ತಿರ ಟ್ರ್ಯಾಕ್ ಕೇಳಿ, ರೂಟ್ ಅಲ್ಲ. ಟ್ರ್ಯಾಕ್ ಅಂದರೆ ಓಡಿದ ದಾರಿಯ ಉದ್ದಕ್ಕೂ ಒತ್ತೊತ್ತಾಗಿ ಚುಕ್ಕಿಗಳು. ರೂಟ್‌ನಲ್ಲಿ ಮುಖ್ಯ ಊರುಗಳಷ್ಟೇ ಇರಬಹುದು, ನಡುವಿನದನ್ನು ನಿಮ್ಮ ಆ್ಯಪ್ ತನಗೆ ತೋಚಿದ ಹಾಗೆ ತುಂಬುತ್ತದೆ. ಕೊಟ್ಟಿಗೆಹಾರ, ಕಾರ್ಕಳ ಎಂದು ಎರಡೇ ಗುರುತು ಇದ್ದರೆ ಉಳಿದ ರೈಡರ್‌ಗಳೆಲ್ಲ ಕಳಸದಲ್ಲಿ ಕಾಫಿ ಕುಡಿಯುವಾಗ ನೀವು ಚಾರ್ಮಾಡಿ ಇಳಿದು ಉಜಿರೆಯಲ್ಲಿರುತ್ತೀರಿ.

ಬರೀ ಕೇಳಿಸಿಕೊಳ್ಳುವುದು ಎಂದೆನಲ್ಲ, ಅದರಿಂದ ಯಾರೂ ಕೇಳದ ಇನ್ನೊಂದು ವಿಷಯ ನೆನಪಾಯಿತು. ನೆಟ್‌ವರ್ಕ್ ಇಲ್ಲದ ಕಡೆ ಇರಲಿ ಎಂದು ಅಮೆರಿಕದಲ್ಲಿರುವ ಭಾವನ ಕೈಲಿ ಗಾರ್ಮಿನ್ ಇನ್‌ರೀಚ್ ತರಿಸುವವರು ಇದ್ದಾರೆ. ಅದು ಕೇಳುವುದಷ್ಟೇ ಅಲ್ಲ, ಉಪಗ್ರಹಕ್ಕೆ ಸಂದೇಶವನ್ನೂ ಕಳಿಸುತ್ತದೆ. ಭಾರತದಲ್ಲಿ ಅಂಥದ್ದನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಕೆನಡಾದ ಮಹಿಳೆಯೊಬ್ಬರನ್ನು ಗೋವಾ ವಿಮಾನ ನಿಲ್ದಾಣದಲ್ಲಿ ಇದೇ ಸಾಧನಕ್ಕಾಗಿ ತಡೆದಿದ್ದರು. ದಾರಿ ತೋರಿಸಲಷ್ಟೇ ಇರುವ ಬೈಕ್ ಜಿಪಿಎಸ್ ಬೇರೆ, ಇದು ಬೇರೆ. ಪೆಟ್ಟಿಗೆಯ ಮೇಲೆ ಉಪಗ್ರಹದ ಮೂಲಕ ಮೆಸೇಜ್, ಎಸ್‌ಒಎಸ್ ಎಂದೆಲ್ಲ ಬರೆದಿದ್ದರೆ, ಭಾವನಿಗೆ ಅಲ್ಲೇ ಬಿಟ್ಟು ಬರಲು ಹೇಳಿ.